ಹುಲಿ ಕಂಬಳಿ ಹೊದ್ದ ತಾರಸಿ

ಮೊನ್ನೆ ಮಧ್ಯಾಹ್ನ ಎರಡು ತಿಂಗಳ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ನಮ್ಮ ತಿಪಟೂರಿನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಎದುರು ಮನೆಯವರು ಮೇಲಂತಸ್ತಿಗೆ ಹೊಸದಾಗಿ ತಾರಸಿ ಹಾಕಿಸಿದ್ದಾರೆ. ಪೈಪು ಹಿಡಿದು ಅದಕ್ಕೆ ನೀರು ಬಿಟ್ಟರು ನೋಡಿ, ಹಸಿ ಸಿಮೆಂಟಿನ ವಾಸನೆ ರಸ್ತೆ ದಾಟಿ ನೇರ ನನ್ನ ಮೂಗಿಗೇ ಬಂತು. ನಾನು ಕಣ್ಣು ಮುಚ್ಚಿ ಇನ್ನೊಂದು ಸಲ ಆಸೆಯಿಂದ ಎಳೆದುಕೊಂಡೆ. ಒಳಗಿನಿಂದ ಬಂದ ನನ್ನ ಹೆಂಡತಿ ರತ್ನ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಶುರುವಾಯ್ತಾ ನಿಮ್ಮ ಬಹರೇನು?"

ಶುರುವಾಗದೆ ಇರುತ್ತದೆಯೇ? ಮಲ್ಲಿಗೆ ಘಮ ಬಂದರೆ ಬೇರೆಯವರಿಗೆ ಮದುವೆಯ ದಿನ ನೆನಪಾಗುತ್ತದಂತೆ. ನನಗೆ ಹಸಿ ಸಿಮೆಂಟಿನ ವಾಸನೆ ಬಂದರೆ ಮೊದಲನೇ ಮೊಮ್ಮಗಳ ನೆತ್ತಿ ನೆನಪಾಗುತ್ತದೆ. ನಗಬೇಡಿ. ಅವಳೂ ಒಂದು ತಾರಸಿಯೂ ಒಂದೇ ದಿನ ಹುಟ್ಟಿದವು. ಎರಡರ ಬಾಣಂತನವನ್ನೂ ಹತ್ತಿರದಿಂದ ಕಂಡವನು ನಾನು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಇಡೀ ಜೀವಮಾನ ಸೈಕಲ್ ಶಾಪು. ಲೋಕದಲ್ಲಿ ಏನೇ ಕೆಟ್ಟರೂ ಒಂದೋ ಗಾಳಿ ಹೋಗಿದೆ, ಇಲ್ಲವೋ ಎಲ್ಲೋ ತೂತಾಗಿದೆ ಎಂದು ನಂಬಿದವನು. ಇಷ್ಟೇ ಜ್ಞಾನದ ಮೇಲೆ ನನ್ನ ಸಂಸಾರ ಚೆನ್ನಾಗಿಯೇ ಉರುಳಿತು. ಮಗಳು ಸುಮ ಓದಿದಳು, ಮದುವೆಯಾದಳು, ಗಂಡ ಪ್ರಕಾಶನ ಜೊತೆ ಬಹರೇನಿಗೆ ಹೋದಳು. ಬಸುರಿಯಾದಾಗ, ಹೆರಿಗೆಗೆ ಊರಿಗೆ ಬಾರಮ್ಮ ಎಂದರೆ ಡಾಕ್ಟರು ವಿಮಾನ ಹತ್ತಬೇಡ ಅಂದಿದ್ದಾರೆ ಎಂದಳು. ಸರಿ, ತವರುಮನೆಯೇ ವಿಮಾನ ಹತ್ತಿತು.

ರತ್ನಳ ಪೆಟ್ಟಿಗೆಯಲ್ಲಿ ಬಾಣಂತಿ ಖಾರ, ಅಂಟಿನುಂಡೆ, ಮೆಂತ್ಯ, ಹಳೆಯ ಸೀರೆಯ ತುಂಡುಗಳು. ನನ್ನದರಲ್ಲಿ ಒಂದೇ ಒಂದು ಸಾಮಾನು: ಬಿಚ್ಚಿ ಕಟ್ಟಿದ ಹಲಸಿನ ಮರದ ತೊಟ್ಟಿಲು, ಅದರ ಹಿತ್ತಾಳೆ ಸರಪಳಿಗಳ ಸಮೇತ. ಸುಮ ಮಲಗಿದ್ದ ತೊಟ್ಟಿಲು. ಅದಕ್ಕೂ ಮುಂಚೆ ನಾನು ಮಲಗಿದ್ದದ್ದು. ಬಹರೇನಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿ ಸರಪಳಿಗಳನ್ನು ಎತ್ತಿ ಹಿಡಿದು ನನ್ನ ಮುಖವನ್ನೇ ನೋಡಿದ. ಯಾವ ಭಾಷೆಯಲ್ಲಿ ಹೇಳಲಿ? ಎರಡೂ ಕೈಯಲ್ಲಿ ಗಾಳಿಯನ್ನೇ ತೂಗಿ, "ಬೇಬಿ, ಬೇಬಿ" ಎಂದೆ. ಹಿಂದಿನ ಸಾಲಿನವರೆಲ್ಲ ನಕ್ಕರು. ಅವನೂ ನಕ್ಕು ಹೋಗು ಎಂದ.

ಪ್ರಕಾಶ ಡಿಪ್ಲೊಮ್ಯಾಟಿಕ್ ಏರಿಯಾ ಎನ್ನುವ ಆಫೀಸುಗಳ ಬಡಾವಣೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ. ಅವರು ಬಾಡಿಗೆಗಿದ್ದದ್ದು ಮುಹರ್ರಕ್ ಎಂಬ ಊರಿನ ಒಂದು ಹಳೆಯ ಮನೆಯ ಮಹಡಿ. ಒಂದು ಮಲಗುವ ಕೋಣೆ, ಒಂದು ಹಾಲ್. ಹೋದವನೇ ಮಗಳ ಮುಖ ನೋಡಿದೆ, ಹೊಟ್ಟೆ ನೋಡಿದೆ, ಆಮೇಲೆ ತಲೆಯೆತ್ತಿ ಸೂರು ನೋಡಿದೆ. ಪೊರಕೆಯ ಹಿಡಿಯಿಂದ ಕುಟ್ಟಿದರೆ ಡಬಡಬ ಎಂದಿತು. ಬರೀ ಹಲಗೆ!

"ಸುಮಾ, ತೊಟ್ಟಿಲು ಎಲ್ಲಿಗೆ ಕಟ್ಟೋದೇ?"

"ಅಪ್ಪ, ಇಲ್ಲಿ ಯಾರೂ ತೊಟ್ಟಿಲು ಕಟ್ಟಲ್ಲ. ಕ್ರಿಬ್ ತಂದಿದೀವಿ ನೋಡಿ."

ನೋಡಿದೆ. ನಾಲ್ಕೂ ಕಡೆ ಸರಳು. ನಮ್ಮೂರಲ್ಲಿ ಕೋಳಿಮರಿಯನ್ನು ಹದ್ದಿನಿಂದ ಕಾಪಾಡಲು ಇಂಥದ್ದೇ ಮಾಡುತ್ತಾರೆ. ಹೇಳಲಿಲ್ಲ; ಬಸುರಿ ಹೆಣ್ಣಿನ ಮನಸ್ಸು ನೋಯಿಸಬಾರದು. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ: ನಮ್ಮ ತೊಟ್ಟಿಲಲ್ಲಿ ಮೊಮ್ಮಗುವನ್ನು ಮಲಗಿಸಿ, ನನ್ನ ಕೈಯಾರೆ ತೂಗಿ ನಿದ್ದೆ ಮಾಡಿಸಿ, ಆಮೇಲೆ ಊರಿಗೆ ಹೋಗಬೇಕು. ಹಿಂದಿರುಗುವ ಟಿಕೆಟ್ಟಾಗಲೇ ತೆಗೆದಾಗಿತ್ತು. ಅಷ್ಟರೊಳಗೆ ಒಂದು ಕೊಕ್ಕೆ ಸಿಗಬೇಕಿತ್ತು.

ದೇವರು ಮನೆ ಮಾಲೀಕನ ರೂಪದಲ್ಲಿ ಬಂದ. ಕೆಳಗಿನ ಮನೆಯಲ್ಲಿದ್ದ ಅಬು ಯೂಸುಫ್ ಎಂಬ ಭಾರಿ ಆಳು. ಭುಜ ಎಮ್ಮೆಯದು, ಮನಸ್ಸು ಕರುವಿನದು. ನಾವು ಹಾಲಿನಲ್ಲಿ ನೆಲದ ಮೇಲೆ ಮಲಗುವುದನ್ನು ಕಂಡು, "ಬೇಬಿ ಆಯೇಗಾ, ಬಾಬಾ ಆಯಾ, ಮಾಮಾ ಆಯಾ, ರೂಮ್ ಕಿಧರ್?" ಎಂದು ತಾನೇ ಕೇಳಿ, ಮಹಡಿಯ ಬಯಲಿನಲ್ಲಿ ಒಂದು ಕೋಣೆ ಕಟ್ಟಿಸಿಕೊಡುತ್ತೇನೆಂದು ತಾನೇ ಉತ್ತರವನ್ನೂ ಹೇಳಿದ. ಕೆಲಸ ಹಿಡಿದವನು ಬಂಟ್ವಾಳದ ಹಮೀದ್. ಕೂಲಿಗಳ ಬಿಡಾರವಿದ್ದ ಸಲ್ಮಾಬಾದಿನಿಂದ ತನ್ನ ಆಳುಗಳನ್ನು ಪಿಕಪ್ಪಿನಲ್ಲಿ ಕರೆತರುತ್ತಿದ್ದ. ಗೋಡೆ ಬೇಗ ಎದ್ದಿತು. ಮೇಲೆ ಹಲಗೆ ಹೊಡೆದು ಕಂಬಿ ಕಟ್ಟುವ ಹೊತ್ತಿಗೆ ನಾನು ಏಣಿ ಹತ್ತಿದೆ.

"ಹಮೀದಪ್ಪ, ಮಧ್ಯಕ್ಕೆ ಒಂದು ಕೊಕ್ಕೆ ಹಾಕಿಕೊಡಯ್ಯ."

"ಎಂತ ಕೊಕ್ಕೆ ಅಜ್ಜ? ಫ್ಯಾನಿಗೆ ಬೇರೆ ಬಾಕ್ಸ್ ಉಂಟಲ್ಲ."

"ಫ್ಯಾನಿಗಲ್ಲಪ್ಪ. ತೊಟ್ಟಿಲಿಗೆ."

"ಓ! ತೊಟ್ಟಿಲಿಗಾ! ಅದನ್ನು ಮೊದಲೇ ಹೇಳ್ಬಾರ್ದಾ ಮಾರಾಯ್ರೆ? ಆನೆಮರಿ ಮಲಗಿಸಿದ್ರೂ ಬೀಳದ ಹಾಗೆ ಹಾಕ್ತೇನೆ, ನೋಡಿ ಬೇಕಾದ್ರೆ."

ಕಂಬಿ ಬಗ್ಗಿಸಿ ಕಟ್ಟುತ್ತಿರುವಾಗ ಅಬು ಯೂಸುಫ್ ಬಂದ. ಹಮೀದನ ಕೈಯಲ್ಲಿದ್ದ ದಪ್ಪ ಕೊಕ್ಕೆಯನ್ನು ನೋಡಿ, ನನ್ನನ್ನು ನೋಡಿ, ಮೆಚ್ಚುಗೆಯಿಂದ ತಲೆದೂಗಿ, ಏನನ್ನೋ ನೇತುಹಾಕಿ ಚರ್ಮ ಸುಲಿಯುವಂತೆ ಕೈ ಮಾಡಿದ. "ಬಕ್ರಾ?"

ಮೊಟ್ಟೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ವಂಶದವನು ನಾನು! ಓಡಿಹೋಗಿ ತೊಟ್ಟಿಲಿನ ಒಂದು ಹಲಗೆ ತಂದು ತೋರಿಸಿದೆ. ಅವನು ಅದರ ಕೆತ್ತನೆಯ ಮೇಲೆ ಬೆರಳಾಡಿಸಿ, ತನ್ನ ತಾಯಿಯೂ ಹೀಗೇ ತೂಗುತ್ತಿದ್ದಳೆಂದು ಕೈಯಲ್ಲಿ ತೋರಿಸಿದ.

ಅಷ್ಟರಲ್ಲಿ ಚಳಿ ಬಂತು. ಉತ್ತರದ ಗಾಳಿ, ಅಲ್ಲಿಯವರು ಶಮಾಲ್ ಎನ್ನುತ್ತಾರೆ. ಸಂಕ್ರಾಂತಿಯ ಬೆಳಗಿನ ಜಾವ ತಿಪಟೂರಿನಲ್ಲಿ ಬರಿಮೈಯಲ್ಲಿ ಬಾವಿ ಸೇದುವಷ್ಟೇ ಚಳಿ, ಜೊತೆಗೆ ಒಂದಿಷ್ಟು ಗಾಳಿ. ಆದರೆ ವರ್ಷವೆಲ್ಲ ಬಾಣಲೆಯಲ್ಲಿ ಬೇಯುವ ಜನ, ಸಿಕ್ಕಿದ ಚಳಿಯನ್ನು ಬಿಡುತ್ತಾರೆಯೇ? ಇಡೀ ಊರು ಹಬ್ಬದಂತೆ ಅದನ್ನು ಆಚರಿಸಿತು. ಅಬು ಯೂಸುಫ್ ಒಳಗೆ ಕುರಿಯ ತುಪ್ಪಳವಿದ್ದ ನಿಲುವಂಗಿ ತೊಟ್ಟು ಕರಡಿಯಂತೆ ಓಡಾಡಿದ. ನನ್ನ ಅಳಿಯ ಎರಡು ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು, ಕಣ್ಣು ಮಾತ್ರ ಹೊರಗೆ ಬಿಟ್ಟು ಕಂಪ್ಯೂಟರಿನ ಮುಂದೆ ಕೂತ. ಅದರಲ್ಲಿ ಅವನಿಗೆ ಚಳಿ ಪ್ರದೇಶದಲ್ಲಿ ಕಾಂಕ್ರೀಟು ಹಾಕುವ ಬಗೆ ಸಿಕ್ಕಿಬಿಟ್ಟಿತು. ನನಗೂ ತೋರಿಸಿದ. ಮೊಣಕಾಲುದ್ದ ಹಿಮದಲ್ಲಿ ಬಿಳಿಯ ಜನ ಬಾಯಿಂದ ಹೊಗೆ ಬಿಡುತ್ತ, ಹೊಸ ತಾರಸಿಗೆ ಕಂಬಳಿ ಹೊದಿಸುತ್ತಿದ್ದರು.

"ಮಾವ, ಚಳೀಲಿ ಕಾಂಕ್ರೀಟ್ ಹಾಕೋದು ಹುಡುಗಾಟ ಅಲ್ಲ. ಒಳಗಿರೋ ನೀರು ಐಸ್ ಆಗ್ಬಿಟ್ರೆ ಮುಗೀತು."

"ಇಲ್ಲಿ ಐಸ್ ಆಗುತ್ತೇನಪ್ಪ?"

"ಆಗಲ್ಲ ಅನ್ನೋಕೆ ಏನ್ ಗ್ಯಾರಂಟಿ?"

ನನ್ನ ಹತ್ತಿರ ಗ್ಯಾರಂಟಿ ಇರಲಿಲ್ಲ. ಹಮೀದನ ಹತ್ತಿರ ಇತ್ತು. "ಸಾರ್, ಇದು ಬಹರೈನ್. ಜೂನಲ್ಲಿ ನಾವು ಕಾಂಕ್ರೀಟಿಗೆ ಐಸ್ ಹಾಕಿ ಕಲಸುವುದು. ಈಗ ದೇವರೇ ಎ.ಸಿ. ಹಾಕಿ ಕೊಟ್ಟಿದ್ದಾನೆ, ನೀವು ಕಂಬಳಿ ಹೊದಿಸ್ತೀರಾ? ಒದ್ದೆ ಗೋಣಿ ಹಾಸಿದ್ರೆ ಸಾಕು."

"ಒದ್ದೆ ಗೋಣಿನಾ! ಶೀತ ಆಗಲ್ವೇನಯ್ಯ?" ಎಂದೆ ನಾನು. ಹುಟ್ಟಿದ್ದು ಯಾವುದೇ ಆಗಲಿ, ಮೊದಲ ದಿನಗಳಲ್ಲಿ ಬೆಚ್ಚಗಿರಬೇಕು ಎಂಬುದು ನನ್ನ ವಾದ. ಅಬು ಯೂಸುಫ್ ತುಪ್ಪಳದೊಳಗಿಂದಲೇ "ವಾಜಿದ್ ಬರ್ದ್!" ಎಂದ, ತುಂಬಾ ಚಳಿ ಎಂದರ್ಥ. ಮಾಲೀಕನಿಗೇ ಚಳಿಯಾದ ಮೇಲೆ ಮನೆಗೆ ಆಗುವುದಿಲ್ಲವೇ? ಹೀಗೆ ಮೂವರು ಒಂದು ಕಡೆ, ಹಮೀದ್ ಒಬ್ಬನೇ ಒಂದು ಕಡೆ ಆಗಿ, ಕಾಂಕ್ರೀಟಿಗೆ ಚಳಿಯಾಗುತ್ತದೆಂದು ಬಹುಮತದಿಂದ ತೀರ್ಮಾನವಾಯಿತು.

ಕಾಂಕ್ರೀಟು ಹಾಕುವ ಬೆಳಿಗ್ಗೆ ಪ್ರಕಾಶ ಆಫೀಸಿಗೆ ರಜೆ ಹಾಕಿದ. ಕಲಸುವ ನೀರು ಬಿಸಿಯಾಗಿರಬೇಕೆಂದು ಕಂಪ್ಯೂಟರು ಹೇಳಿತ್ತು. ಕೆಳಗೆ ನಿಂತ, ಡ್ರಮ್ಮುಗಟ್ಟಲೆ ನೀರು ಕುಡಿಯುವ ಕಾಂಕ್ರೀಟು ಯಂತ್ರಕ್ಕೆ ಇವನು ಕುಕ್ಕರಿನಲ್ಲಿ ನೀರು ಕಾಯಿಸಿ, ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಸುರಿದು ಬರುತ್ತಿದ್ದ. ಸಮುದ್ರಕ್ಕೆ ಕಷಾಯ ಬೆರೆಸಿದ ಹಾಗೆ. ನಾಲ್ಕನೆಯದೋ ಐದನೆಯದೋ ಕುಕ್ಕರು ಇಳಿಸುವಾಗ ಸುಮ ಬಾಗಿಲಲ್ಲಿ ಬಂದು ನಿಂತಳು.

"ರೀ, ನೋವು ಶುರುವಾಗಿದೆ."

"ಒಂದ್ನಿಮಿಷ ಸುಮಾ, ಇದೊಂದು ಸುರಿದು ಬಂದ್ಬಿಡ್ತೀನಿ..."

ಹಿಂದಿನಿಂದ ರತ್ನಳ ದನಿ ಬಂತು. "ಅಳಿಯಂದ್ರೇ, ಆ ಕುಕ್ಕರ್ ಕೆಳಗಿಡಿ. ನನ್ನ ಮಗಳು ಸಿಮೆಂಟಲ್ಲ, ನೀವು ಬರೋ ತನಕ ಕಾದುಕೊಂಡಿರೋಕೆ."

ಅಬು ಯೂಸುಫ್ ತುಪ್ಪಳದಂಗಿಯಲ್ಲೇ ಕಾರು ಹೊರಡಿಸಿದ. ಸುಮ, ಪ್ರಕಾಶ, ರತ್ನ ಮೂವರೂ ಆಸ್ಪತ್ರೆಗೆ ಹೋದರು. ನಾನು ಕೊಕ್ಕೆ ಕಾಯಲು ಉಳಿದೆ. ಕಾರಿನಲ್ಲಿ ನನಗೆ ಜಾಗವಿರಲಿಲ್ಲ ಎನ್ನುವುದೂ ನಿಜ.

ಮಧ್ಯಾಹ್ನದ ಹೊತ್ತಿಗೆ ತಾರಸಿ ಮಟ್ಟಸವಾಯಿತು. ಆಳುಗಳು ಕೈಕಾಲು ತೊಳೆಯುತ್ತಿದ್ದಾಗ ಫೋನು ಹೊಡೆದುಕೊಂಡಿತು. ಪ್ರಕಾಶನ ದನಿ. "ಮಾವ... ಹೆಣ್ಣು... ಮಾವ..." ಅಷ್ಟೇ. ನಾನು ಏನು ಹೇಳಿದೆನೋ ಗೊತ್ತಿಲ್ಲ. ಹಮೀದನನ್ನು ಎತ್ತಿಕೊಂಡೆನಂತೆ, ಅವನು ನನಗಿಂತ ಒಂದು ಮೊಳ ಎತ್ತರ. ಸಿಹಿ ಹಂಚಬೇಕು, ಮನೆಯಲ್ಲಿ ಸಕ್ಕರೆ ಎಲ್ಲಿದೆಯೋ ತಿಳಿಯದು. ಕೈಗೆ ಸಿಕ್ಕಿದ ಡಬ್ಬಿ ತೆರೆದು ಎಲ್ಲರಿಗೂ ಎರಡೆರಡು ಕೊಟ್ಟೆ. ಹಾಗೆ, ಬಾಣಂತಿಗೆಂದು ರತ್ನ ವಾರಗಟ್ಟಲೆ ಕೂತು ಕಟ್ಟಿದ್ದ ಅಂಟಿನುಂಡೆಯನ್ನು ತಿಂದು ಸಲ್ಮಾಬಾದಿನ ಗಂಡಸರು ಸೊಂಟ ಗಟ್ಟಿ ಮಾಡಿಕೊಂಡರು.

ಅದೇ ಸಂಭ್ರಮದಲ್ಲಿ ನಾನು ತಾರಸಿಗೂ ಕಂಬಳಿ ಹೊದಿಸಿದೆ. ನಿಮಗೆ ಗೊತ್ತಿರಬಹುದು, ಗಲ್ಫಿನಿಂದ ಬರುವವರು ತರುವ ಆ ದಪ್ಪ ಮೆತ್ತನೆಯ ಕಂಬಳಿಗಳು, ಮೇಲೆ ಬಾಯಿ ತೆರೆದ ಹುಲಿ. ತನ್ನ ಅಣ್ಣನಿಗೆ, ಇಬ್ಬರು ತಂಗಿಯರಿಗೆ ಎಂದು ರತ್ನ ಆಗಲೇ ಕೊಂಡಿಟ್ಟಿದ್ದಳು. ಕಾಂಕ್ರೀಟು ಇನ್ನೂ ಹಸಿ ಎಂಬುದು ಹುಲಿಗಳನ್ನು ಮಲಗಿಸುವಾಗ ನನಗೆ ಹೊಳೆಯಲಿಲ್ಲ. ಮಾರನೆಯ ದಿನ ಹಮೀದ್ ಬಂದು ಒಂದು ತುದಿ ಹಿಡಿದು ಎಳೆದರೆ ಚರಚರ ಎಂದಿತು.

"ಅಜ್ಜ, ನಿಮ್ಮ ತಾರಸಿಗೆ ಮೀಸೆ ಬಂದಿದೆ!"

ಹುಲಿಯ ಅರ್ಧ ಮುಖದ ತುಪ್ಪಳ ಸಿಮೆಂಟಿನಲ್ಲೇ ಉಳಿದಿತ್ತು. ಕಂಬಳಿಯಲ್ಲಿ ಉಳಿದದ್ದು ಕಜ್ಜಿ ಹಿಡಿದ ಬೆಕ್ಕು. ಹಮೀದ್ ಅವನ್ನು ಬದಿಗೆ ಎಸೆದು ಒದ್ದೆ ಗೋಣಿ ಹಾಸಿಹೋದ. ಸಂಜೆ ಪ್ರಕಾಶ ಬಂದು ಗೋಣಿ ತೆಗೆದು ಹುಲಿ ಹೊದಿಸಿದ. ಬೆಳಿಗ್ಗೆ ಮತ್ತೆ ಗೋಣಿ, ಸಂಜೆ ಮತ್ತೆ ಹುಲಿ. ಒಳಗಿನ ಬಾಣಂತಿ ಅಷ್ಟು ಸಲ ಸೀರೆ ಬದಲಿಸಲಿಲ್ಲ.

ಒಳಗಿನ ಬಾಣಂತನದಲ್ಲಿ ನನಗೆ ಪ್ರವೇಶವಿರಲಿಲ್ಲ. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಎಲ್ಲಾ ಮುಗಿದ ಮೇಲೆ ರತ್ನ ಬಟ್ಟೆಯ ಗಂಟಿನಂತೆ ಕೂಸನ್ನು ತಂದು ತೋರಿಸಿ, ನಾನು ಬಾಯಿ ತೆರೆಯುವ ಮೊದಲೇ ಒಯ್ಯುತ್ತಿದ್ದಳು. ಆದರೆ ಎಂಥ ಕೂಸು ಅದು! ಬೆರಳು ಚಾಚಿದರೆ ಹಿಡಿದುಕೊಳ್ಳುತ್ತಿತ್ತು. ಆ ಹಿಡಿತಕ್ಕೆ ಮೈಯೆಲ್ಲ ಉಬ್ಬಿ, ಪಂಪು ಹೆಚ್ಚು ಹೊಡೆದ ಟ್ಯೂಬಿನಂತಾಗಿ ಮೇಲೆ ಹತ್ತುತ್ತಿದ್ದೆ. ಒಂದು ದಿನ ಒಳಗೆ ಉಳಿದ ಸಾಂಬ್ರಾಣಿ ಕೆಂಡವನ್ನು ಹೊಸ ಕೋಣೆಗೆ ಒಯ್ದು, ಆಸರೆ ಕಂಬಗಳ ನಡುವೆ ನಿಂತು ಸೂರಿಗೆ ಹೊಗೆ ಕೊಡುತ್ತಿದ್ದೆ. ಹಮೀದ್ ಬಂದ.

"ಎಂತ ಅಜ್ಜ, ದೃಷ್ಟಿ ತೆಗೆಯುವುದಾ?"

"ಇಲ್ಲಪ್ಪ. ಕೊಕ್ಕೆ ಹತ್ರ ಶೀತ ಇಳಿದಿರಬಹುದು ಅಂತ."

ಅವನು ಹೊರಗೆ ಹೋಗಿ ಗೋಡೆಗೆ ಹಣೆಯೊತ್ತಿ ನಗುವುದು ಕೇಳಿಸಿತು.

ನಿಜವಾದ ಕಂಟಕ ಬಂದದ್ದು ಆಮೇಲೆ. ಚಳಿಯಲ್ಲಿ ಕಾಂಕ್ರೀಟು ನಿಧಾನ ಗಟ್ಟಿಯಾಗುತ್ತದೆ, ಒಂದೂವರೆ ತಿಂಗಳಾದರೂ ಕೊಕ್ಕೆಗೆ ಭಾರ ಹಾಕಕೂಡದು ಎಂದು ಪ್ರಕಾಶ ತೀರ್ಪು ಕೊಟ್ಟ. ನಮ್ಮ ವಿಮಾನ ಅದಕ್ಕಿಂತ ಮುಂಚೆಯೇ. ಅವತ್ತು ನನಗೆ ಊಟ ಸೇರಲಿಲ್ಲ, ಅಷ್ಟೇ. ರತ್ನ ನನ್ನ ತಟ್ಟೆ ನೋಡಿದಳು, ಅಳಿಯನನ್ನು ನೋಡಿದಳು. ಅಳಿಯ ಒಳ್ಳೆಯವನು, ಮತ್ತೆ ಕಂಪ್ಯೂಟರಿಗೆ ಹೋಗಿ, ಆ ಕಂಬಳಿಯ ಚಿತ್ರ ಹಾಕಿದ್ದ ಹಿಮದ ದೇಶದ ಜಾಣನಿಗೇ ನೇರವಾಗಿ ಕಾಗದ ಬರೆದು ಕೇಳಿದ. ನಿಮ್ಮಲ್ಲಿ ಚಳಿ ಎಷ್ಟು ಡಿಗ್ರಿ ಎಂದು ಅವನು ಕೇಳಿದ. ಹದಿಮೂರು ಎಂದು ಇವನು ಬರೆದ. ಅದಾದ ಮೇಲೆ ಆ ಪುಣ್ಯಾತ್ಮನಿಂದ ಉತ್ತರವೇ ಇಲ್ಲ.

"ನೋಡಿ ಮಾವ," ಎಂದ ಪ್ರಕಾಶ ಗಂಭೀರವಾಗಿ, "ಅವರಿಗೇ ಏನು ಹೇಳಬೇಕು ಗೊತ್ತಾಗ್ತಿಲ್ಲ. ಅಷ್ಟು ಸೂಕ್ಷ್ಮ ಇದು."

ಕೊನೆಗೆ ಹಮೀದ್ ಯಾರನ್ನೂ ಕೇಳದೆ ಕಂಬ ಕಿತ್ತು ಹಲಗೆ ಬಿಚ್ಚಿದ. ಕೊಕ್ಕೆ ಇತ್ತು. ಕಪ್ಪಗೆ, ಗಟ್ಟಿಯಾಗಿ, ಮಧ್ಯ ಬಿಟ್ಟು ಗೋಡೆಯ ಪಕ್ಕದಲ್ಲಿ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದೇ ಹಾಕಿದ್ದೆ ಎಂದು ಹಮೀದ್ ಆಣೆಯಿಟ್ಟ; ಆ ಮೂಲೆ ಕೋಣೆಯದಲ್ಲ, ಅದೇ ತಾರಸಿ ಚಾಚಿಕೊಂಡಿದ್ದ ಮುಂದಿನ ವರಾಂಡದ್ದು ಎಂದು ಆಮೇಲೆ ತಿಳಿಯಿತು. ಒಂದು ಕಡೆಗೆ ತೂಗಿದರೆ ತೊಟ್ಟಿಲು ಗೋಡೆಗೆ ಬಡಿಯುತ್ತದೆ.

"ಹೆಣ್ಣು ಮಗು ಅಲ್ವಾ ಅಜ್ಜ," ಎಂದ ಮುಖ ಒರೆಸಿಕೊಳ್ಳುತ್ತ, "ಸಣ್ಣಕ್ಕೆ ತೂಗಿದ್ರೆ ಸಾಕು."

"ಆನೆಮರಿ ಅಂದಿದ್ಯಲ್ಲಯ್ಯ!"

"ಆನೆಮರಿಗೂ ಸಣ್ಣಕ್ಕೇ ತೂಗುವುದು."

ಪ್ರಕಾಶ ಕೊಕ್ಕೆಯ ಕೆಳಗೆ ಕೈ ಅಗಲಿಸಿ ನಿಂತ. ನನ್ನ ಮಗಳನ್ನು ಇದಕ್ಕೆ ಕಟ್ಟಲು ಬಿಡುವುದಿಲ್ಲ ಎಂದ. ಅಬು ಯೂಸುಫನಿಗೆ ತನ್ನ ಮನೆಯ ಮರ್ಯಾದೆ ಪ್ರಶ್ನೆಯಾಯಿತು. ತುಪ್ಪಳದಂಗಿ ತೆಗೆಯದೆ, ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ ನೇತಾಡಿದ. ಆಲದ ಮರದ ದೊಡ್ಡ ಬಾವಲಿ ಕಂಡಂತಾಯಿತು. ಸೂರು ಕಮಕ್ ಕಿಮಕ್ ಅನ್ನಲಿಲ್ಲ.

"ಅವರು ಸುಮ್ಮನೆ ನೇತಾಡಿದ್ರು," ಎಂದ ಪ್ರಕಾಶ. "ತೊಟ್ಟಿಲು ಓಲಾಡುತ್ತೆ. ಆ ಭಾರದ ಲೆಕ್ಕವೇ ಬೇರೆ."

"ಹಂಗಾದ್ರೆ ಬರೀ ತೊಟ್ಟಿಲು ಕಟ್ಟಿ ತೂಗಿ ನೋಡೋಣ," ಎಂದೆ.

"ಬರೀ ತೊಟ್ಟಿಲು ತೂಗಬಾರದು!" ಎಂದು ರತ್ನ ಕೂಗಿಕೊಂಡಳು. "ಮೊದಲು ಗುಂಡುಕಲ್ಲು ಮಲಗಿಸಿ ತೂಗಬೇಕು, ಆಮೇಲೆ ಕೂಸು. ನಿಮಗೆ ಗೊತ್ತಿಲ್ವಾ?"

ಗೊತ್ತು. ಆದರೆ ಮುಹರ್ರಕ್ಕಿನಲ್ಲಿ ರುಬ್ಬುವ ಗುಂಡು ಎಲ್ಲಿ ತರುವುದು? ಎಲ್ಲರ ಮನೆಯಲ್ಲೂ ಮಿಕ್ಸಿ. ಆಗ ಹಮೀದ್ ಮೂಲೆಯಲ್ಲಿ ಉಳಿದಿದ್ದ ಸಿಮೆಂಟಿನ ಮೂಟೆ ತೋರಿಸಿದ. ಅಳಿಯನಿಗೆ ಪರೀಕ್ಷೆಯ ಭಾರ, ಅತ್ತೆಗೆ ಶಾಸ್ತ್ರದ ಕಲ್ಲು, ಎರಡೂ ಒಂದರಲ್ಲೇ. ಮೂಟೆಗೆ ರತ್ನ ಅರಿಸಿನ ಕುಂಕುಮ ಇಟ್ಟಳು. ಸುಮ ನಗುತ್ತ ಕೂಸಿನ ಕುಲಾವಿಯನ್ನು ಅದರ ಮೂಲೆಗೆ ಸಿಕ್ಕಿಸಿದಳು. ಹೆಸರೇನಿಡೋಣ ಎಂದರೆ, "ಅದರ ಮೇಲೇ ಬರ್ದುಂಟಲ್ಲ ಅಕ್ಕ," ಎಂದ ಹಮೀದ್. ರತ್ನ ಜೋಗುಳ ಹಾಡಿದಳು, ನಾನು ಹಗ್ಗ ಎಳೆದೆ, ಮಂಕಿ ಟೋಪಿಯ ಅಳಿಯ ಏಣಿಯ ಮೇಲೆ ನಿಂತು ಕೊಕ್ಕೆಯ ಬುಡಕ್ಕೆ ಟಾರ್ಚು ಬಿಟ್ಟು ನೋಡಿದ. ಮೂಟೆ ಸುಖವಾಗಿ ತೂಗಿತು, ಒಂದು ಸಲ ಗೋಡೆಗೂ ಬಡಿಯಿತು. ಅಷ್ಟು ಚೆಂದಾಗಿ ನಿದ್ದೆ ಮಾಡಿದ ಕೂಸನ್ನು ನಾನು ಕಂಡಿಲ್ಲ.

ಪ್ರಕಾಶ ಏಣಿಯಿಂದ ಇಳಿದು, ಬೋಳು ಹುಲಿಗಳನ್ನೆಲ್ಲ ತಂದು ತೊಟ್ಟಿಲ ಕೆಳಗೆ ಒಂದರ ಮೇಲೊಂದು ಹಾಸಿದ. ಆಮೇಲೆ ತಾನೇ ಮಗಳನ್ನು ಎತ್ತಿತಂದು ನನ್ನ ಕೈಗೆ ಕೊಟ್ಟ. "ಮಲಗಿಸಿ ಮಾವ." ನಾನು ಮಲಗಿಸಿದೆ. ಹಗ್ಗ ಹಿಡಿದು ಒಂದು ಸಲ ಎಳೆದೆನೋ ಇಲ್ಲವೋ, ಕೂಸು ಮೂರು ಬೀದಿಗೆ ಕೇಳುವಂತೆ ಕಿರುಚಿತು.

ಅವತ್ತಷ್ಟೇ ಅಲ್ಲ, ಮಾರನೆಯ ದಿನವೂ, ಅದರ ಮಾರನೆಯ ದಿನವೂ. ನನಗೆ ಗೊತ್ತಿದ್ದ ಜೋಗುಳ, ಭಜನೆ, ಕೊನೆಗೆ ಸಂತೆಯಲ್ಲಿ ಕೂಗುವ ತರಕಾರಿ ಹೆಸರು, ಎಲ್ಲ ಆಯಿತು. ಅವಳು ಕಣ್ಣರಳಿಸಿ ನೋಡುತ್ತಿದ್ದಳು, ಅಳುತ್ತಿದ್ದಳು, ನಿದ್ದೆ ಮಾತ್ರ ಮಾಡಲಿಲ್ಲ. ಊರಿಗೆ ಹೊರಡುವ ದಿನವೂ ಕೊನೆಯದಾಗಿ ತೂಗುತ್ತ ನಿಂತಿದ್ದೆ. ಕೆಳಗೆ ಟ್ಯಾಕ್ಸಿ ಹಾರನ್ ಹೊಡೆಯಿತು. ನಮ್ಮನ್ನು ಕಳಿಸಲು ಬಂದ ಅಬು ಯೂಸುಫ್ ನನ್ನ ಕೈಯಿಂದ ಹಗ್ಗ ತೆಗೆದುಕೊಂಡ. ಮೆಲ್ಲಗೆ ಎಳೆದು, ಗಂಟಲಿನ ಆಳದಿಂದ ಏನೋ ಒಂದು ಗುನುಗಿದ. ಮಾತಿಲ್ಲ, ಬರೀ ದನಿ. ಕಡಲ ಮೇಲೆ ದೂರ ಹೋಗುವ ದೋಣಿಯ ಶಬ್ದದಂತೆ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು.

ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ವಿಮಾನದಲ್ಲಿ ಬೆಂಗಳೂರಿನ ತನಕ ನನಗೆ ಹೊಟ್ಟೆಯುರಿ. ಹಲಸು ನನ್ನದು, ಸರಪಳಿ ನನ್ನದು, ಕೊಕ್ಕೆ ನನ್ನ ಹಟದ್ದು. ನಿದ್ದೆ ಅವನಿಗೆ! ರತ್ನ ಕಿಟಕಿಯ ಕಡೆ ತಿರುಗಿ ನಗುತ್ತಲೇ ಬಂದಳು.

ಆ ತೊಟ್ಟಿಲು ಇನ್ನೂ ಅಲ್ಲೇ ಇದೆ. ಆಮೇಲೆ ಹುಟ್ಟಿದ ಅಬು ಯೂಸುಫನ ಮೊಮ್ಮಕ್ಕಳು ಒಬ್ಬರ ಹಿಂದೊಬ್ಬರಂತೆ ಅದರಲ್ಲಿ ಮಲಗಿದರು. ಸುಮ ಈ ಸಲ ಹೆರಿಗೆಗೆ ಇಲ್ಲಿಗೇ ಬರುತ್ತೇನೆಂದಾಗ, ತೊಟ್ಟಿಲನ್ನೂ ತರಲು ಹೇಳಿ ಎಂದಳು ರತ್ನ. ಅಬು ಯೂಸುಫನಿಗೆ ಫೋನು ಮಾಡಿದೆ. ಆ ಕಡೆಯಿಂದ ಅವನ ಮನೆಯ ಕೂಸೊಂದು ಅಳುವುದು ಕೇಳಿಸಿತು. ಆರೋಗ್ಯವೇ ಎಂದು ಕೇಳಿ ಇಟ್ಟೆ.

ಹಾಗಾಗಿ ಈ ಮೊಮ್ಮಗನಿಗೆ ನನ್ನ ಕಾಲೇ ತೊಟ್ಟಿಲು. ಇವನೂ ಅಕ್ಕನಂತೆಯೇ, ಮೊನ್ನೆ ನಮ್ಮ ಜೋಗುಳಕ್ಕೆ ಕಣ್ಣು ಕಿಸಿದು ನನ್ನನ್ನೇ ದುರುಗುಟ್ಟಿ ನೋಡಿದ. ರತ್ನ ಒಳಗೆ ಹೋಗುವವರೆಗೆ ಕಾದೆ. ಆಮೇಲೆ ಮೆತ್ತಗೆ ಅಬು ಯೂಸುಫನ ಆ ಗುನುಗು ಶುರು ಮಾಡಿದೆ. ಕೂಸಿನ ರೆಪ್ಪೆ ಇಳಿಯತೊಡಗಿತು. ಪಕ್ಕದಲ್ಲಿ ಬಣ್ಣ ಹಚ್ಚುತ್ತ ಕೂತಿದ್ದ ಮೊಮ್ಮಗಳು ತಲೆಯೆತ್ತಿದಳು. ಈಗ ಅವಳಿಗೆ ಎಂಟು ವರ್ಷ; ಅಬು ಯೂಸುಫನನ್ನು ಜಿದ್ದೂ ಎನ್ನುತ್ತಾಳೆ. ಅಲ್ಲಿಯ ಮಾತಿನಲ್ಲಿ ತಾತ ಎಂದು.

"ನೋ ತಾತ, ರಾಂಗ್. ಅಲ್ಲಿ ಮೂಗಿಂದ ಅಲ್ಲ, ಗಂಟ್ಲಿಂದ ಬರ್ಬೇಕು. ಜಿದ್ದೂ ಥರ. ಕೇಳಿಸ್ಕೊಳಿ."

ಪೆನ್ಸಿಲು ಕೆಳಗಿಟ್ಟು ಹತ್ತಿರ ಬಂದು ಹೇಳಿಕೊಟ್ಟಳು. ನಾನು ಗಂಟಲು ಸರಿ ಮಾಡಿಕೊಂಡು ಮೊದಲಿನಿಂದ ಶುರು ಮಾಡಿದೆ. ಅಷ್ಟರಲ್ಲಾಗಲೇ ಕೂಸು ನಿದ್ದೆ ಹೋಗಿತ್ತು. ಆದರೂ ನಾವಿಬ್ಬರೂ ಅದನ್ನು ಪೂರ್ತಿ ಹೇಳಿ ಮುಗಿಸಿದೆವು.